ದೊಡ್ಡಪ್ಪ ರುಚಿ ನೋಡಲು ಹೋದ ಊರು

ನಮ್ಮ ದೊಡ್ಡಪ್ಪ ಫ್ರೆಂಚ್ ಅಡುಗೆಯ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಸಾಸ್ ಮಾಡುವವರು. ಸಾಸ್ ಎಂದರೆ ಅಂಗಡಿಯಲ್ಲಿ ಸೀಸೆಯಲ್ಲಿ ಸಿಗುವ ಕೆಂಪು ಸಾಸ್ ಅಲ್ಲ. ಮೀನಿನ ಮೇಲೆ, ಕೋಳಿಯ ಮೇಲೆ ಕೊನೆಯಲ್ಲಿ ಹಾಕುವ ಗಟ್ಟಿ ರಸ. ಆ ಅಡುಗೆಯಲ್ಲಿ ಮೀನನ್ನು ಯಾರು ಬೇಕಾದರೂ ಬೇಯಿಸಬಹುದು, ಸಾಸ್ ಎಲ್ಲರ ಕೈಗೂ ಬರುವುದಿಲ್ಲ ಎಂದು ದೊಡ್ಡಪ್ಪ ಒಮ್ಮೆ ಹೇಳಿದ್ದರು. ತಮ್ಮ ಕೆಲಸದ ಬಗ್ಗೆ ಅವರು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರು ಫ್ರಾನ್ಸ್ ನೋಡಿಲ್ಲ. ಅವರಿಗೆ ಕಲಿಸಿದ ಹಳೆಯ ಅಡುಗೆಯವರು ಹಡಗಿನ ಅಡುಗೆಮನೆಯಲ್ಲಿ ಯಾರಿಂದಲೋ ಕಲಿತು ಬಂದಿದ್ದರಂತೆ. ಬೇರೆಯವರು ಮಾಡಿದ ಫ್ರೆಂಚ್ ಊಟವನ್ನು ಕುರ್ಚಿಯಲ್ಲಿ ಕೂತು, ತಟ್ಟೆಗೆ ಬಡಿಸಿಕೊಂಡು ದೊಡ್ಡಪ್ಪ ಉಂಡವರೇ ಅಲ್ಲ. ತಿಂದದ್ದೆಲ್ಲ ತಮ್ಮ ಅಡುಗೆಮನೆಯಲ್ಲೇ, ಚಮಚದ ತುದಿಯಲ್ಲಿ.

ಆ ಅಡುಗೆಮನೆಯಲ್ಲಿ ಒಂದು ಪದ್ಧತಿ ಇದೆ. ಸಂಜೆ ಆರೂವರೆಗೆ, ಗಿರಾಕಿಗಳು ಬರುವ ಮೊದಲು, ದೊಡ್ಡಪ್ಪನ ಕೈಕೆಳಗಿನ ಐದು ಜನ ಅಡುಗೆಯವರೂ ತಾವು ಮಾಡಿದ್ದನ್ನು ಒಂದೊಂದು ಚಮಚ ತಂದು ದೊಡ್ಡಪ್ಪನಿಗೆ ಕೊಡಬೇಕು. ಅವರು ಉಗ್ರಾಣದ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಾರೆ. ನೆಕ್ಕಿ ನೋಡಿ 'ಹೂಂ' ಅನ್ನುತ್ತಾರೆ, ಇಲ್ಲವೇ 'ಉಹೂಂ' ಅನ್ನುತ್ತಾರೆ. ಉಹೂಂ ಅಂದರೆ ಏನು ಕಡಿಮೆ, ಏನು ಹೆಚ್ಚು ಅನ್ನುವುದನ್ನೂ ಎರಡು ಮಾತಿನಲ್ಲಿ ಹೇಳುತ್ತಾರೆ. ಅವರು ಹೂಂ ಅನ್ನದೆ ಏನೂ ಹೊರಗೆ ಹೋಗುವಂತಿಲ್ಲ. ಅದಕ್ಕೇ ಅಡುಗೆಯವರು ಅವರಿಗೆ ಬೆನ್ನ ಹಿಂದೆ 'ನಾಲಿಗೆ' ಎಂದು ಹೆಸರಿಟ್ಟಿದ್ದರು. ಇದು ದೊಡ್ಡಪ್ಪನಿಗೂ ಗೊತ್ತಿತ್ತು.

ಈ ವರ್ಷದ ಮೊದಲಲ್ಲಿ ಅವರು ನೆಗಡಿ ಜ್ವರ ಬಂದು ಒಂದು ವಾರ ಮಲಗಿದರು. ಎದ್ದು ಕೆಲಸಕ್ಕೆ ಹೋದ ದಿನ ಚಮಚ ಬಾಯಿಗಿಟ್ಟರೆ ಬಿಸಿ ಮಾತ್ರ ತಿಳಿಯಿತು. ಗಟ್ಟಿಯೋ ತೆಳುವೋ ಅದೂ ತಿಳಿಯಿತು. ಉಪ್ಪು, ಹುಳಿ, ಬೆಣ್ಣೆಯ ಘಮ ಒಂದೂ ತಿಳಿಯಲಿಲ್ಲ. ಎದುರಿಗೆ ಚಮಚ ಕೊಟ್ಟವನು ಕಾಯುತ್ತ ನಿಂತಿದ್ದ. ದೊಡ್ಡಪ್ಪ ಅವನ ಮುಖ ನೋಡಿದರು. ಅವನ ಮುಖದಲ್ಲಿ ಧೈರ್ಯವಿತ್ತು. ಹೂಂ ಅಂದರು.

ಅಂದಿನಿಂದ ಅವರು ಚಮಚದ ರುಚಿ ನೋಡುತ್ತಿರಲಿಲ್ಲ, ಚಮಚ ತಂದವರ ಮುಖ ನೋಡುತ್ತಿದ್ದರು. ತಂದವನು ನೆಟ್ಟಗೆ ನಿಂತಿದ್ದರೆ ಹೂಂ. ಕಣ್ಣು ಆಚೆ ಈಚೆ ಮಾಡಿದರೆ, ಏಪ್ರನ್ನಿಗೆ ಕೈ ಒರೆಸಿಕೊಂಡರೆ, ಉಹೂಂ. ಉಹೂಂ ಅಂದ ಮೇಲೆ ಏನು ಕಮ್ಮಿ ಎಂದು ಹೇಳಬೇಕಲ್ಲ, ಅದನ್ನು ಬಣ್ಣ ನೋಡಿ, ಮಾಡಿದವನ ಹಳೆಯ ಚಾಳಿ ನೆನಪಿಸಿಕೊಂಡು ಹೇಳುತ್ತಿದ್ದರು. ಹೀಗೆ ನಾಲ್ಕು ತಿಂಗಳು. ಕಿವಿ ಮೂಗಿನ ಡಾಕ್ಟರ ಹತ್ತಿರ ಒಬ್ಬರೇ ಹೋಗಿ ಬಂದರು. ಡಾಕ್ಟರು, "ಕೆಲವರಿಗೆ ತಾನಾಗೇ ಬರುತ್ತೆ, ಕೆಲವರಿಗೆ ಬರಲ್ಲ, ಕಾಯಿರಿ" ಅಂದರಂತೆ.

ಇದನ್ನೆಲ್ಲ ನಾನು ಮೊದಲೇ ಬರೆಯುತ್ತಿದ್ದೇನೆ. ಆದರೆ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ, ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ದಿನವಿಡೀ ರುಚಿ ನೋಡುವ ಮನುಷ್ಯ ಮನೆಯ ಊಟದ ಬಗ್ಗೆ ಎಂದೂ ಮಾತಾಡಿದವರಲ್ಲ. ಹಾಕಿದ್ದನ್ನು ಉಂಡು ಕೈ ತೊಳೆಯುತ್ತಿದ್ದರು.

ಹೀಗಿರುವಾಗ ಹೋಟೆಲಿನ ಯಜಮಾನರು ಅವರನ್ನು ತಮ್ಮ ಕೋಣೆಗೆ ಕರೆದರು.

"ನೀವು ರಜೆ ತಗೊಂಡು ಎಷ್ಟು ವರ್ಷ ಆಯ್ತು?"

"ನೆನಪಿಲ್ಲ ಸಾರ್."

"ನನಗೂ ನೆನಪಿಲ್ಲ. ಒಂದು ವಾರ ಹೋಗಿ ಬನ್ನಿ. ಕಡಲ ತೀರದಲ್ಲಿ ಒಂದು ಊರಿದೆ, ಅಲ್ಲಿ ಒಳ್ಳೆ ಫ್ರೆಂಚ್ ಊಟ ಸಿಗುತ್ತಂತೆ, ಎರಡು ಮೂರು ಕಡೆ. ತಿಂದು ನೋಡಿ. ಯಾವುದು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ, ನಮ್ಮಲ್ಲಿ ಏನು ಇಲ್ಲ, ಬರ್ಕೊಂಡು ಬನ್ನಿ. ಮುಂದಿನ ತಿಂಗಳು ಹೊಸ ತಿನಿಸು ಶುರು ಮಾಡೋಣ. ನಿಮ್ಮ ಮಾತಿನ ಮೇಲೇ ಮಾಡ್ತೀನಿ."

ದೊಡ್ಡಪ್ಪ ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವರಿಗೆ ಒಂದು ಆಸೆಯೂ ಇತ್ತು. ತನ್ನ ಕೈಯ ಅಡುಗೆ ಮೂಗಿಗೆ ಹಳಸಿ ಹೋಗಿರಬಹುದು, ಬೇರೆ ಕೈಯ ಒಳ್ಳೆಯ ಅಡುಗೆ ಬಾಯಿಗೆ ಬಿದ್ದರೆ ನಾಲಿಗೆ ಎಚ್ಚರಾಗಬಹುದು ಎಂದು. ಅದು ಆಗದಿದ್ದರೆ ಇಪ್ಪತ್ತೆಂಟು ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ. ಅವರಿಗೆ ಬೇರೆ ಕೆಲಸ ಬರುವುದಿಲ್ಲ.

ದೊಡ್ಡಮ್ಮನೂ ಜೊತೆಗೆ ಹೊರಟರು. ಅವರ ಮನೆಯಲ್ಲೇ ಇರುತ್ತಿದ್ದ ನಾನೂ ಹೊರಟೆ. ರಾತ್ರಿ ಒಂಬತ್ತು ಗಂಟೆಯ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಪಕ್ಕ ಕೂತು, "ನನ್ನ ಗಂಡನಿಗೆ ಊಟ ಮಾಡೋಕೆ ರಜೆ ಕೊಟ್ಟಿದ್ದಾರೆ" ಎಂದು ಪಕ್ಕದ ಸೀಟಿನವರಿಗೆ ಹೇಳಿದರು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರಂತೆ ಕೂತಿದ್ದರು.

ನಾವು ಇಳಿದ ಲಾಡ್ಜಿನಲ್ಲಿ ಒಂದೇ ಕೋಣೆ, ಮೂರು ಮಂಚ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಪೈಪುಗಳು ಕಾಣುತ್ತಿದ್ದವು. ಸಮುದ್ರ ಕಾಣಲಿಲ್ಲ, ಆದರೆ ಕಿಟಕಿಯ ಕಬ್ಬಿಣವೆಲ್ಲ ಉಪ್ಪು ಗಾಳಿಗೆ ತುಕ್ಕು ಹಿಡಿದಿತ್ತು. ದೊಡ್ಡಮ್ಮ ಬಂದ ಕೂಡಲೇ ಬಾತ್‌ರೂಮಿನ ಬಕೆಟ್ ಉಜ್ಜಿದರು.

ಮೊದಲ ದಿನ ಮಧ್ಯಾಹ್ನ ಸಮುದ್ರದ ಎದುರಿನ ದೊಡ್ಡ ರೆಸ್ಟೋರೆಂಟಿಗೆ ಹೋದೆವು. ಬಿಳಿ ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರಿಗೆ ಮೂರು ಮೂರು ಚಮಚ. ಬಡಿಸುವವರು ಕೊಟ್ಟ ಕಾರ್ಡಿನಲ್ಲಿ ಒಂದು ಅಕ್ಷರವೂ ನಮಗೆ ತಿಳಿಯಲಿಲ್ಲ. ದೊಡ್ಡಪ್ಪ ಮಾತ್ರ ಬೆರಳಿಟ್ಟು ಓದಿ ವೈನಿನಲ್ಲಿ ಬೇಯಿಸಿದ ಕೋಳಿ ತರಿಸಿದರು.

ತಟ್ಟೆ ಬಂದಾಗ ದೊಡ್ಡಮ್ಮ ನನ್ನ ಕಡೆ ಬಾಗಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ. ತಟ್ಟೆ ಗಾಡಿ ಚಕ್ರದಷ್ಟಿದೆ, ಕೋಳಿ ಹೆಬ್ಬೆಟ್ಟಿನಷ್ಟಿದೆ ನೋಡು" ಅಂದರು.

ದೊಡ್ಡಪ್ಪ ನಗಲಿಲ್ಲ. ಮೊದಲು ತಟ್ಟೆಯನ್ನು ಮೂಗಿನ ಹತ್ತಿರ ತಂದರು. ಆಮೇಲೆ ಚಮಚದಿಂದ ರಸವನ್ನಷ್ಟೇ ತೆಗೆದುಕೊಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ತುಂಬಾ ಹೊತ್ತು ನುಂಗದೆ ಇಟ್ಟುಕೊಂಡರು. ಹೀಗೆ ನಾಲ್ಕು ಸಲ ಮಾಡಿದರು. ಕೆಲಸದಲ್ಲಿರುವವರನ್ನು ಮಾತಾಡಿಸಬಾರದೆಂದು ನಾವು ಸುಮ್ಮನಿದ್ದೆವು. ಬಡಿಸುವವರು ಬಂದು ಹೇಗಿದೆ ಎಂದು ಕೇಳಿದರೆ, "ಚೆನ್ನಾಗಿದೆ" ಅಂದರು. ಜೇಬಿನಿಂದ ನೋಟ್‌ಬುಕ್ ತೆಗೆದು ರೆಸ್ಟೋರೆಂಟಿನ ಹೆಸರು ಬರೆದರು. ಹೆಸರಿನ ಕೆಳಗೆ ಪೆನ್ನು ಇಟ್ಟುಕೊಂಡು ಕೂತರು, ಏನೂ ಬರೆಯಲಿಲ್ಲ. ಬಿಸಿ ತುಪ್ಪವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತ ಹಾಗಿತ್ತು ಅವರ ಮುಖ. ನಾನು ಅದನ್ನು ಬಸ್ಸಿನ ಆಯಾಸ ಅಂದುಕೊಂಡೆ.

ವಿಷಯ ಹೊರಬಿದ್ದದ್ದು ಮಾರನೆಯ ಬೆಳಿಗ್ಗೆ. ಹಿಂದಿನ ಸಂಜೆ ತಂದ ಹಾಲಿನ ಪ್ಯಾಕೆಟ್ಟನ್ನು ದೊಡ್ಡಮ್ಮ ಕಿಟಕಿಯ ಮೇಲೆ ಇಟ್ಟು ಮರೆತಿದ್ದರು. ಲಾಡ್ಜಿನವರು ಕೊಟ್ಟ ಬಿಸಿನೀರಿಗೆ ಅದೇ ಹಾಲು ಬೆರೆಸಿ ಕಾಫಿ ಮಾಡಿ ದೊಡ್ಡಪ್ಪನಿಗೆ ಮೊದಲು ಕೊಟ್ಟು, ತಾವು ಬಟ್ಟೆ ಮಡಚುತ್ತಿದ್ದರು. ದೊಡ್ಡಪ್ಪ ಪೂರ್ತಿ ಲೋಟ ಕುಡಿದು ಕೆಳಗಿಟ್ಟರು. ಆಮೇಲೆ ದೊಡ್ಡಮ್ಮ ತಮ್ಮ ಲೋಟ ಬಾಯಿಗಿಟ್ಟವರು ಬಾತ್‌ರೂಮಿಗೆ ಓಡಿ ಉಗುಳಿದರು.

"ಹಾಲು ಕೆಟ್ಟಿದೆ. ಹುಳಿ ಅಂದ್ರೆ ಹುಳಿ. ನೀವು ಕುಡಿದ್ರಾ?"

"ಹೂಂ."

"ಪೂರ್ತಿ?"

ದೊಡ್ಡಪ್ಪ ಖಾಲಿ ಲೋಟವನ್ನು ನೋಡಿದರು. ಅದರ ತಳದಲ್ಲಿ ಬಿಳಿ ಚೂರುಗಳು ಅಂಟಿಕೊಂಡಿದ್ದವು.

"ವಾಸನೆ ಬರ್ಲಿಲ್ವೇನ್ರೀ?"

"ಬರ್ಲಿಲ್ಲ ಕಣೇ. ನಾಲ್ಕು ತಿಂಗಳಿಂದ ಯಾವುದೂ ಬರ್ತಿಲ್ಲ."

ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತರು. ದೊಡ್ಡಪ್ಪ ಆ ಬೆಳಿಗ್ಗೆ ಎಲ್ಲವನ್ನೂ ಹೇಳಿದರು. ಚಮಚ, ಮುಖ, ಡಾಕ್ಟರು, ಯಜಮಾನರು ಎಲ್ಲವನ್ನೂ. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ದೊಡ್ಡಮ್ಮ ಕೊನೆಗೆ ಅಂದರು, "ಹೋದ ತಿಂಗಳು ಒಂದು ದಿನ ಉಪ್ಪು ಹಾಕೋದೇ ಮರೆತಿದ್ದೆ. ನೀವು ತುಟಿ ಪಿಟಕ್ಕನ್ನದೆ ಉಂಡು ಎದ್ರಿ. ವಯಸ್ಸಾಯ್ತಲ್ಲ, ಎಷ್ಟು ಒಳ್ಳೆಯವರಾಗಿಬಿಟ್ರು ಅಂತ ನಾನು ಖುಷಿಪಟ್ಟಿದ್ದೆ."

"ಒಳ್ಳೆಯವನಾಗಿದ್ದಲ್ಲ ಅದು."

"ಗೊತ್ತಾಯ್ತು ಬಿಡಿ ಈಗ."

ಹಾಗೇ ಊರಿಗೆ ವಾಪಸ್ ಹೋಗೋಣವೆಂದು ದೊಡ್ಡಪ್ಪ ಅಂದರು. ದೊಡ್ಡಮ್ಮ ಒಪ್ಪಲಿಲ್ಲ. "ಹೋಗಿ ಯಜಮಾನರಿಗೆ ಏನ್ ಹೇಳ್ತೀರಿ? ನಾನು ತಿಂದು ಹೇಳ್ತೀನಿ, ನೀವು ಬರ್ಕೊಳ್ಳಿ. ನನಗೂ ಒಂದು ನಾಲಿಗೆ ಇದೆಯಲ್ಲ."

ಎರಡನೆಯ ಜಾಗವನ್ನು ಹೇಳಿದ್ದು ಲಾಡ್ಜಿನ ಮ್ಯಾನೇಜರು. ಗಡಿಯಾರದ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕು. ದೊಡ್ಡಪ್ಪ ಈರುಳ್ಳಿ ಸೂಪ್ ತರಿಸಿದರು. ಮೇಲೆ ಬ್ರೆಡ್ಡಿನ ತುಂಡು, ಅದರ ಮೇಲೆ ಕರಗಿದ ಚೀಸು. ಬಟ್ಟಲನ್ನು ದೊಡ್ಡಮ್ಮನ ಮುಂದೆ ಸರಿಸಿ, ನೋಟ್‌ಬುಕ್ ತೆರೆದರು.

"ಹೇಗಿದೆ?"

"ಬಿಸಿ ಇದೆ."

"ಅದು ನನಗೂ ಗೊತ್ತಾಗುತ್ತೆ. ರುಚಿ ಹೇಳು."

"ಉಪ್ಪು ಸರಿ ಇದೆ. ಖಾರ ಇಲ್ಲ."

"ಇದಕ್ಕೆ ಖಾರ ಹಾಕಲ್ಲ. ಈರುಳ್ಳಿ ಸಿಹಿ ಬಂದಿದೆಯಾ? ಸಿಹಿ ಆದ್ಮೇಲೆ ಒಂಚೂರು ಕಹಿ ಬರ್ಬೇಕು, ಬರುತ್ತಾ? ಗಂಟಲ ಹತ್ರ ಏನು ಉಳಿಯುತ್ತೆ?"

ದೊಡ್ಡಮ್ಮ ಇನ್ನೊಂದು ಚಮಚ ಕುಡಿದು, ಕಣ್ಣು ಮೇಲೆ ಮಾಡಿ ಯೋಚಿಸಿದರು. "ಗಂಟಲ ಹತ್ರ ಏನೂ ಉಳಿಯಲ್ಲರೀ. ಕೆಳಗೆ ಹೋಗುತ್ತೆ."

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪನೂ ನಕ್ಕರು. ಆದರೆ ದೊಡ್ಡಮ್ಮ ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಂಡರು. ನನ್ನನ್ನೂ ಕೇಳಿದರು. ನಾನು ಕುಡಿದು ನೋಡಿದೆ. ಚೆನ್ನಾಗಿತ್ತು. ಆದರೆ ಚೆನ್ನಾಗಿದೆ ಅನ್ನುವುದಕ್ಕಿಂತ ಮುಂದೆ ಒಂದು ಮಾತೂ ನನಗೆ ಸಿಗಲಿಲ್ಲ. ಬ್ರೆಡ್ಡು ಗಟ್ಟಿ ಇದೆ ಅಂದೆ. ಅದನ್ನೂ ಬರೆದುಕೊಂಡರು.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದು ದೊಡ್ಡಮ್ಮ ತಮ್ಮನ್ನೇ ಬೈದುಕೊಂಡರು. "ನಮ್ಮನ್ನ ಕಟ್ಕೊಂಡು ಬಂದ್ರಲ್ಲ ನೀವು."

"ನಿಂದೇನು ತಪ್ಪಿಲ್ಲ ಬಿಡು. ನಾನು ಇಷ್ಟು ವರ್ಷ ಒಂದು ದಿನವೂ ನಿನಗೆ ತಂದು ತಿನ್ನಿಸಿರಲಿಲ್ಲ."

ಮೂರನೆಯ ಜಾಗ ನಾವಾಗಿ ಹುಡುಕಿದ್ದಲ್ಲ. ನಾಲ್ಕನೆಯ ದಿನ ಮೀನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದಾಗ ದೊಡ್ಡಪ್ಪ ಒಂದು ಬಾಗಿಲ ಮುಂದೆ ನಿಂತರು. ಒಳಗೆ ಆರು ಮೇಜು. ಅಡುಗೆಮನೆಗೂ ಮೇಜುಗಳಿಗೂ ನಡುವೆ ಸೊಂಟದೆತ್ತರದ ಅರ್ಧ ಬಾಗಿಲು. ಅದರಾಚೆ ಐವತ್ತು ದಾಟಿದ ಹೆಂಗಸೊಬ್ಬರು ಬಾಣಲೆಯನ್ನು ಒಲೆಯಿಂದ ಪಕ್ಕಕ್ಕೆ ಎತ್ತಿ, ತಣ್ಣನೆಯ ಬೆಣ್ಣೆಯನ್ನು ಒಂದೊಂದೇ ತುಂಡು ಹಾಕಿ ಕಡೆಯುತ್ತಿದ್ದರು. ದೊಡ್ಡಪ್ಪ ಅವರ ಮಣಿಕಟ್ಟನ್ನು ನೋಡಿ, "ಇವರಿಗೆ ಕೆಲಸ ಬರುತ್ತೆ" ಅಂದರು.

ಅದು ಬಿಳಿ ಬೆಣ್ಣೆ ಸಾಸ್. ದೊಡ್ಡಪ್ಪ ಕೂತ ಮೇಲೆ ನಮಗೆ ವಿವರಿಸಿದರು. ಸಣ್ಣ ಈರುಳ್ಳಿಯನ್ನು ವಿನೆಗರು, ವೈನು ಹಾಕಿ ಬತ್ತಿಸಿ, ಅದಕ್ಕೆ ಬೆಣ್ಣೆ ಕಡೆದು ಸೇರಿಸುವುದು. ಬಿಸಿ ಹೆಚ್ಚಾದರೆ ಒಡೆಯುತ್ತದೆ, ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ. ಒಂದು ಸಲ ಮಾಡಿದ್ದನ್ನು ಆ ಊಟದ ಹೊತ್ತು ಮುಗಿಯುವತನಕ ಬೆಚ್ಚಗೆ ಕಾಪಾಡಿಕೊಳ್ಳಬೇಕು. ಮೀನಿನ ಮೇಲೆ ಅದನ್ನು ಹಾಕಿ ಬಡಿಸುವ ಹುಡುಗಿ ತಂದಿಟ್ಟಳು.

ದೊಡ್ಡಮ್ಮ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ದೊಡ್ಡಪ್ಪ ನೋಟ್‌ಬುಕ್ ತೆರೆದು ಹೇಗಿದೆ ಎಂದರೆ, "ಇರಿ, ತಿನ್ನೋಕೆ ಬಿಡಿ" ಅಂದರು. ಮೀನು ಮುಗಿದ ಮೇಲೆ ಬ್ರೆಡ್ಡಿನ ತುಂಡಿನಿಂದ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಒರೆಸಿ ತಿಂದರು. ಫ್ರೆಂಚ್ ಊಟವೆಂದರೆ ಸಪ್ಪೆ ಎಂದು ಮೂರು ದಿನದಿಂದ ದೂರುತ್ತಿದ್ದವರು ತಟ್ಟೆಯನ್ನು ತೊಳೆದಿಟ್ಟ ಹಾಗೆ ಮಾಡಿದ್ದರು. ನಾನೂ ಹಾಗೇ ಮಾಡಿದೆ. ಅದರ ರುಚಿ ಹೇಗಿತ್ತೆಂದು ಈಗಲೂ ನನಗೆ ಬರೆಯಲು ಬರುವುದಿಲ್ಲ.

ಆಗ ಆ ಅಡುಗೆಯಮ್ಮ ಹೊರಗೆ ಬಂದರು. ದೊಡ್ಡಪ್ಪನ ಮುಂಗೈಗಳ ಮೇಲೆ ಒವನ್ ಬಾಗಿಲು ತಾಗಿ ಸುಟ್ಟ ಅಡ್ಡಗೆರೆಗಳಿವೆ. ಆ ಅಮ್ಮನ ಕೈಯ ಮೇಲೂ ಅಂಥವೇ ಇದ್ದವು.

"ನೀವು ಅಡುಗೆಯವರು" ಅಂದರು. "ಎಲ್ಲಿ?"

ದೊಡ್ಡಪ್ಪ ಹೋಟೆಲಿನ ಹೆಸರು ಹೇಳಿದರು. ಎಷ್ಟು ವರ್ಷ ಎಂದು ಆ ಅಮ್ಮ ಕೇಳಿದರು, ದೊಡ್ಡಪ್ಪ ಹೇಳಿದರು. ಯಾವ ಕೆಲಸ ಎಂದು ಕೇಳಿದರು. "ಸಾಸ್" ಅಂದರು.

ಆ ಅಮ್ಮನ ಮುಖ ಬದಲಾಯಿತು. ಒಳಗೆ ಹೋಗಿ ಒಂದು ಚಮಚದಲ್ಲಿ ಸಾಸ್ ತಂದರು. "ದೇವರು ಕಳಿಸಿದ ಹಾಗೆ ಬಂದಿದ್ದೀರಿ. ಮೂರು ದಿನದಿಂದ ವಿನೆಗರ್ ಬೇರೆ ಕಡೆಯಿಂದ ತರಿಸ್ತಿದ್ದೀನಿ. ನನಗೆ ಏನೋ ಅನುಮಾನ. ಒಬ್ಬಳೇ ಮಾಡಿ ಒಬ್ಬಳೇ ರುಚಿ ನೋಡೋದಲ್ವಾ, ಯಾರನ್ನ ಕೇಳ್ಲಿ? ನೀವು ನೋಡಿ ಹೇಳಿ."

ದೊಡ್ಡಪ್ಪ ಚಮಚ ತೆಗೆದುಕೊಂಡರು. ಬೇಡ ಅನ್ನಬಹುದಿತ್ತು. ಆದರೆ ಇಪ್ಪತ್ತೆಂಟು ವರ್ಷದಿಂದ ಯಾರೇ ಚಮಚ ಕೊಟ್ಟರೂ ಅವರು ತೆಗೆದುಕೊಂಡವರು. ಬೆಳಕಿಗೆ ಹಿಡಿದು ಬಣ್ಣ ನೋಡಿದರು. ಚಮಚದ ಬೆನ್ನಿಗೆ ಅಂಟಿದ ಸಾಸಿನಲ್ಲಿ ಬೆರಳಿನಿಂದ ಗೆರೆ ಎಳೆದರು, ಗೆರೆ ಹಾಗೇ ನಿಂತಿತು. ಬಾಯಿಗಿಟ್ಟರು. ಆಮೇಲೆ ತಲೆಯೆತ್ತಿ ಆ ಅಮ್ಮನ ಮುಖ ನೋಡಿದರು. ಆ ಅಮ್ಮ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಉಹೂಂ" ಅಂದರು ದೊಡ್ಡಪ್ಪ. "ಹುಳಿ ಸಾಲದು."

"ಹಾಗಾದ್ರೆ ನನ್ನ ಅನುಮಾನ ಸರಿ" ಎಂದು ಆ ಅಮ್ಮ ತಿರುಗಿದರು.

ದೊಡ್ಡಮ್ಮ ಗಾಬರಿಯಾದರು. "ರೀ, ಚೆನ್ನಾಗೇ ಇತ್ತಲ್ಲ. ಅಮ್ಮಾ, ಚೆನ್ನಾಗೇ ಇದೆ, ಏನೂ ಹಾಕ್ಬೇಡಿ."

ಆ ಅಮ್ಮ ನಕ್ಕರು. "ನಿಮಗೆ ಎಲ್ಲವೂ ಚೆನ್ನಾಗೇ ಇರುತ್ತೆ. ಇದು ಕೆಲಸದವರ ಮಾತು, ಇರಿ."

ಅರ್ಧ ಬಾಗಿಲಿನಾಚೆ ಅವರು ದೊಡ್ಡಪ್ಪನ ಮಾತು ನಂಬಿ, ಮತ್ತೆ ರುಚಿಯನ್ನೂ ನೋಡದೆ, ವಿನೆಗರನ್ನು ಬಿಸಿ ಮಾಡಿ ಬಾಣಲೆಗೆ ಸುರಿಯುವುದು ನಮಗೆ ಕಾಣುತ್ತಿತ್ತು. ಬಾಣಲೆಯಲ್ಲಿದ್ದದ್ದು ಆ ಮಧ್ಯಾಹ್ನದ ಅಷ್ಟೂ ಸಾಸ್. ಹೊರಗೆ ಎರಡು ಮೇಜು ಜೋಡಿಸಿ ಒಂದೇ ಮನೆಯ ಹನ್ನೊಂದು ಜನ ಕೂತಿದ್ದರು. ಅವರಿಗೆ ತಟ್ಟೆಗಳು ಹೋದವು.

ದೊಡ್ಡಮ್ಮ ದೊಡ್ಡಪ್ಪನ ಮುಂದೆ ತಮ್ಮ ತಟ್ಟೆ ಸರಿಸಿದರು. "ಇದನ್ನ ನೋಡ್ಲಿಲ್ವಾ ನೀವು? ನನ್ನ ತಟ್ಟೆ ನೋಡ್ಬೇಕಿತ್ತು. ಅವರ ಮುಖ ಯಾಕೆ ನೋಡಿದ್ರಿ?"

ದೊಡ್ಡಪ್ಪ ತಟ್ಟೆ ನೋಡಿದರು. ಅದರಲ್ಲಿ ಏನೂ ಉಳಿದಿರಲಿಲ್ಲ. ಇಂಗು ತಿಂದ ಮಂಗನ ಹಾಗೆ ಎಂದು ಜನ ತಮಾಷೆಗೆ ಹೇಳುತ್ತಾರೆ. ಆದರೆ ಆ ಮುಖ ನೋಡಿದರೆ ತಮಾಷೆ ಅನ್ನಿಸುವುದಿಲ್ಲ.

ಆ ಹನ್ನೊಂದು ಜನರಲ್ಲಿ ಮೊದಲು ಒಬ್ಬ ಅಜ್ಜಿ ಫೋರ್ಕ್ ಕೆಳಗಿಟ್ಟರು. ಪಕ್ಕದವರು ಮುಖ ಕಿವುಚಿದರು. "ಇದೇನಮ್ಮ, ಬಾಯಿಗಿಡೋಕೆ ಆಗ್ತಿಲ್ಲ" ಎಂದು ಒಬ್ಬರು ಕೂಗಿ ಹೇಳಿದರು. ಬಡಿಸುವ ಹುಡುಗಿ ತಟ್ಟೆಗಳನ್ನು ಒಂದೊಂದಾಗಿ ವಾಪಸ್ ಒಯ್ದಳು. ಅಡುಗೆಯಮ್ಮ ತಟ್ಟೆಯೊಂದರಿಂದ ಬೆರಳಿನಲ್ಲಿ ತೆಗೆದು ನಾಲಿಗೆಗಿಟ್ಟು ನೋಡಿ, ಬಾಣಲೆಯನ್ನು ಒಲೆಯಿಂದ ಇಳಿಸಿದರು.

ದೊಡ್ಡಪ್ಪ ಎದ್ದು ಅರ್ಧ ಬಾಗಿಲಿನ ಹತ್ತಿರ ಹೋದರು.

"ಅಮ್ಮಾ, ತಪ್ಪು ನಂದು. ನನಗೆ ರುಚಿ ತಿಳಿಯಲ್ಲ. ಜ್ವರ ಬಂದು ಹೋದ್ಮೇಲೆ ನಾಲ್ಕು ತಿಂಗಳಿಂದ ಏನೂ ತಿಳಿಯಲ್ಲ."

ಆ ಅಮ್ಮ ಒಲೆಯ ಕಡೆಯಿಂದ ತಿರುಗಿದರು. "ಹಾಗಿದ್ರೆ ಯಾಕೆ ಹೇಳಿದ್ರಿ?"

ದೊಡ್ಡಪ್ಪ ಅಂಗಿಯ ತೋಳು ಮಡಚಿಕೊಂಡರು.

"ನಾನು ಈರುಳ್ಳಿ ಹೆಚ್ಚಿ ಕೊಡ್ತೀನಿ. ಬೆಣ್ಣೆ ಕಡೆದು ಕೊಡ್ತೀನಿ. ಅದು ಕೈಗೆ ಗೊತ್ತಿದೆ. ನೀವು ರುಚಿ ನೋಡಿದ್ರೆ ಸಾಕು, ಹತ್ತು ನಿಮಿಷದಲ್ಲಿ ಹೊಸದು ಮಾಡಬಹುದು."

"ಬೇಡ." ಅವರು ಗದರಲಿಲ್ಲ, ಮೆಲ್ಲಗೇ ಹೇಳಿದರು. "ಒಳಗೆ ಬರ್ಬೇಡಿ. ಸಾಸ್ ಕೆಟ್ರೆ ಮತ್ತೆ ಮಾಡ್ತೀನಿ. ನನ್ನ ನಾಲಿಗೆ ಸರಿಯಾಗೇ ಹೇಳ್ತಿತ್ತು, ಅದನ್ನ ಬಿಟ್ಟು ನಿಮ್ಮನ್ನ ನಂಬಿದೆ ನೋಡಿ. ಇನ್ನು ನಾಳೆಯಿಂದ ನಾನು ಯಾವುದನ್ನ ನಂಬ್ಲಿ?"

ದೊಡ್ಡಪ್ಪ ಹೊರಗೆ ಬೀದಿಗೆ ಬಂದು ಗೋಡೆಗೆ ಒರಗಿ ನಿಂತರು. ಹೋಗೋಣ ಎಂದು ದೊಡ್ಡಮ್ಮ ಎರಡು ಸಲ ಕರೆದರೂ ಕದಲಲಿಲ್ಲ. ಒಳಗೆ ಬೆಣ್ಣೆ ಕಡೆಯುವ ಸದ್ದು ಕೇಳುತ್ತಿತ್ತು. ಅದರ ವೇಗ ಸರಿಯಿದೆಯೋ ಇಲ್ಲವೋ ಎಂದು ಅವರು ಕೇಳಿಸಿಕೊಳ್ಳುತ್ತಿದ್ದರು ಅನಿಸುತ್ತದೆ. ಹನ್ನೊಂದು ಜನರಲ್ಲಿ ಐವರು ಎದ್ದು ಹೋದರು. ಉಳಿದವರು ಎರಡನೆಯ ಸಲ ಬಂದದ್ದನ್ನು ತಿಂದರು.

ಮೂರು ಗಂಟೆಗೆ ಆ ಅಮ್ಮ ಮೇಜಿನ ಬಟ್ಟೆ ಕೊಡವಲು ಹೊರಗೆ ಬಂದರು. ನಾವು ಇನ್ನೂ ಅಲ್ಲೇ ಇದ್ದೆವು.

"ಡಾಕ್ಟರಿಗೆ ತೋರಿಸಿದ್ದೀರಾ?"

"ತೋರಿಸಿದೆ. ಕಾಯಿರಿ ಅಂದ್ರು."

"ಎಷ್ಟು ದಿನ?"

"ಹೇಳ್ಲಿಲ್ಲ."

"ನಿಮ್ಮ ಹೋಟೆಲಲ್ಲಿ ಗೊತ್ತಾ?"

ದೊಡ್ಡಪ್ಪ ತಲೆ ಅಲ್ಲಾಡಿಸಿದರು.

ಆ ಅಮ್ಮ ಬಟ್ಟೆಯನ್ನು ನಾಲ್ಕಾಗಿ ಮಡಚಿದರು. "ನಂದು ಒಂದು ಬಾಣಲೆ, ಹೋಯ್ತು. ಅಲ್ಲಿ ಎಷ್ಟು ಬಾಣಲೆ ಇದಾವೋ. ಮೊದಲು ಅಲ್ಲಿ ಹೇಳಿ" ಎಂದು ಒಳಗೆ ಹೋದರು.

ರಜೆ ಇನ್ನೂ ಮೂರು ದಿನ ಇತ್ತು. ನಾವು ಮಾರನೆಯ ದಿನವೇ ಬಸ್ಸು ಹತ್ತಿದೆವು. ದೊಡ್ಡಮ್ಮ ಈ ಸಲ ಪಕ್ಕದವರನ್ನು ಮಾತಾಡಿಸಲಿಲ್ಲ. ಅರ್ಧ ದಾರಿಯಲ್ಲಿ ಮಾತ್ರ, "ಹೇಳಿಬಿಡಿ ರೀ. ನೀರಿಗೆ ಇಳಿದ ಮೇಲೆ ಚಳಿಯೇನು, ಮಳೆಯೇನು. ಏನಾಗುತ್ತೋ ಆಗ್ಲಿ. ಇಬ್ಬರು ಇದ್ದೀವಿ, ಹೇಗೋ ನಡೆಯುತ್ತೆ" ಅಂದರು. ದೊಡ್ಡಪ್ಪ ಅವರ ಕೈಮೇಲೆ ಕೈ ಇಟ್ಟರು.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಊರು ಸೇರಿದ ಮೇಲೆ ಹೋಟೆಲಿಗೆ ಹೋಗಿ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ ದೊಡ್ಡಮ್ಮನಿಗೆ ಹೇಳಿದ್ದನ್ನು ಕೇಳಿಸಿಕೊಂಡು ಬರೆಯುತ್ತಿದ್ದೇನೆ.

ದೊಡ್ಡಪ್ಪ ಯಜಮಾನರ ಕೋಣೆಗೆ ಹೋಗಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. ಯಜಮಾನರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "ಬಿಸಿ ಇದೆ. ಉಪ್ಪು ಸರಿ. ಖಾರ ಇಲ್ಲ. ಗಂಟಲಲ್ಲಿ ಏನೂ ಉಳಿಯುವುದಿಲ್ಲ. ಬ್ರೆಡ್ಡು ಗಟ್ಟಿ." ಓದಿ ಕನ್ನಡಕ ತೆಗೆದರು. "ಏನಿದು?"

"ನನಗೆ ರುಚಿ ತಿಳಿಯಲ್ಲ ಸಾರ್. ನಾಲ್ಕು ತಿಂಗಳಾಯ್ತು. ಅದು ನನ್ನ ಹೆಂಡತಿ ಹೇಳಿದ್ದು."

ಯಜಮಾನರು ಎದ್ದು ಬಾಗಿಲು ಹಾಕಿ ಬಂದು ಕೇಳಿದರಂತೆ, "ಯಾರು ಕರೆದ್ರು?"

"ಯಾರೂ ಕರೀಲಿಲ್ಲ ಸಾರ್."

"ಕಡಲ ತೀರಕ್ಕೆ ಕಳಿಸಿದ್ದು ನಾನೇ ಮಾಡಿದ ತಪ್ಪು. ಅಲ್ಲಿ ಯಾರೋ ಜಾಸ್ತಿ ಕೊಡ್ತೀನಿ ಅಂದಿದ್ದಾರೆ. ಬಿಟ್ಟು ಹೋಗೋಕೆ ಇದೊಂದು ನೆಪ. ಅಲ್ವಾ?"

"ನನ್ನ ನಾಲಿಗೆ ಹೋಗಿದೆ ಸಾರ್. ಬೇಕಾದ್ರೆ ಕಣ್ಣು ಕಟ್ಟಿ ಏನಾದ್ರೂ ಕೊಟ್ಟು ನೋಡಿ."

"ಅದನ್ನ ನಟಿಸೋಕೂ ಬರುತ್ತೆ ನಿಮಗೆ. ನಾಲ್ಕು ತಿಂಗಳು ಅಂತೀರಲ್ಲ, ನಾಲ್ಕು ತಿಂಗಳಲ್ಲಿ ಒಬ್ಬ ಗಿರಾಕಿ ದೂರು ಹೇಳಿದ್ದಾನಾ? ಒಂದು ತಟ್ಟೆ ವಾಪಸ್ ಬಂದಿದೆಯಾ? ಸುಮ್ಮನೆ ಹೋಗಿ ಕೂತ್ಕೊಳ್ಳಿ. ಮುಂದಿನ ತಿಂಗಳಿಂದ ಸಂಬಳ ಹೆಚ್ಚು ಮಾಡ್ತೀನಿ."

ತಟ್ಟೆ ವಾಪಸ್ ಬಂದಿರಲಿಲ್ಲ, ಅದು ನಿಜ. ದೊಡ್ಡಪ್ಪನಿಗೆ ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತಂತೆ. ಅಡುಗೆಯವರು ತಾವಾಗಿಯೇ ಸರಿಯಾಗಿ ಮಾಡುತ್ತಿದ್ದರೋ, ಗಿರಾಕಿಗಳಿಗೇ ತಿಳಿಯುತ್ತಿರಲಿಲ್ಲವೋ, ಇಪ್ಪತ್ತೆಂಟು ವರ್ಷ ತಾನು ಸ್ಟೂಲಿನ ಮೇಲೆ ಕೂತದ್ದೇ ಬೇಕಿರಲಿಲ್ಲವೋ, ಹೇಳುವವರು ಯಾರೂ ಇರಲಿಲ್ಲ.

ಯಜಮಾನರು ನಂಬದಿದ್ದರೆ ಹೋಗಲಿ, ಅಡುಗೆಯವರಿಗಾದರೂ ಹೇಳುತ್ತೇನೆ ಎಂದು ದೊಡ್ಡಪ್ಪ ಅಡುಗೆಮನೆಗೆ ಹೋದರು. ಐವರಲ್ಲಿ ಹಿರಿಯ, ಎಲ್ಲರೂ 'ಗುಂಡಣ್ಣ' ಅನ್ನುವವನು ಕಂದು ಸಾಸ್ ತಂದ. ದೊಡ್ಡಪ್ಪ ಚಮಚ ಮುಟ್ಟಲಿಲ್ಲ.

"ನನಗೆ ಇದರ ರುಚಿ ಗೊತ್ತಾಗಲ್ಲ ಕಣಪ್ಪಾ" ಅಂದರು. "ನೀನೇ ನೋಡಿ ಹೇಳು."

ಗುಂಡಣ್ಣನ ಮುಖ ಕಪ್ಪಿಟ್ಟಿತು. ಇಷ್ಟು ವರ್ಷದಲ್ಲಿ ದೊಡ್ಡಪ್ಪ ಅವನನ್ನು ಹಾಗೆ ಹಂಗಿಸಿರಲಿಲ್ಲ. "ಅಷ್ಟು ಕೆಟ್ಟಿದೆಯಾ ಅಣ್ಣಾ? ಬಾಯಿಗೂ ಇಡೋಕಾಗದಷ್ಟು?"

"ಹಾಗಲ್ಲ. ನಿಜವಾಗಿ ನನಗೆ ತಿಳಿಯಲ್ಲ."

"ನೇರವಾಗಿ ಬೈದುಬಿಡಿ ಅಣ್ಣಾ, ಹೀಗೆ ಮಾತ್ರ ಅನ್ಬೇಡಿ" ಎಂದು ಗುಂಡಣ್ಣ ಹೋಗಿ, ಎರಡು ದಿನದಿಂದ ಮೂಳೆ ಕುದಿಸಿ ಬತ್ತಿಸಿದ ಸಾಸನ್ನು ಪಾತ್ರೆ ಸಮೇತ ಎತ್ತಿ ಸಿಂಕಿಗೆ ಸುರಿದ. ದೊಡ್ಡಪ್ಪ ಓಡಿ ಹೋಗಿ ಅವನ ಕೈ ಹಿಡಿಯುವಷ್ಟರಲ್ಲಿ ಪಾತ್ರೆ ಖಾಲಿಯಾಗಿತ್ತು. ಉಳಿದ ನಾಲ್ವರೂ ಅದನ್ನು ನೋಡಿ, ಯಾರೂ ಹೇಳದೆಯೇ ತಮ್ಮ ತಮ್ಮ ಒಲೆಗೆ ವಾಪಸ್ ಹೋಗಿ, ಮಾಡಿದ್ದನ್ನು ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದರು.

"ಆಮೇಲೆ?" ಎಂದು ದೊಡ್ಡಮ್ಮ ಕೇಳಿದರು.

"ಆಮೇಲೆ ಏನು. ಗುಂಡಣ್ಣನದಕ್ಕೆ ಎರಡು ದಿನ ಬೇಕು, ಅದು ಇವತ್ತು ಇಲ್ಲ; ಉಳಿದವರು ಹೊಸದಾಗಿ ಮಾಡಿ, ಒಬ್ಬರದನ್ನ ಒಬ್ಬರು ರುಚಿ ನೋಡಿ ಹೊರಗೆ ಕಳಿಸಿದ್ರು. ನನ್ನ ಹತ್ರ ಯಾರೂ ಚಮಚ ತರ್ಲಿಲ್ಲ. ಮುಖ ಎತ್ತಿ ನೋಡೋಕೂ ಹೆದರ್ತಿದ್ರು."

"ಚೆನ್ನಾಗಿ ಬಂದಿತ್ತಂತಾ, ಎರಡನೇ ಸಲ ಮಾಡಿದ್ದು?"

ದೊಡ್ಡಪ್ಪ ಅನ್ನಕ್ಕೆ ಸಾರು ಹಾಕಿಕೊಂಡರು.

"ಮೊದಲಿನದು ಹೇಗಿತ್ತು ಅಂತಲೇ ಯಾರಿಗೂ ಗೊತ್ತಿಲ್ಲವಲ್ಲೇ" ಅಂದರು.

ದೊಡ್ಡಮ್ಮ ಎದ್ದು ನೀರು ತರಲು ಒಳಗೆ ಹೋದರು. ತುಂಬಾ ಹೊತ್ತಾದರೂ ಹೊರಗೆ ಬರಲಿಲ್ಲ. ದೊಡ್ಡಪ್ಪ ತಟ್ಟೆಯಲ್ಲಿದ್ದದ್ದನ್ನು ಕಲಸಿ, ನಿಧಾನವಾಗಿ, ಒಂದು ಅಗುಳೂ ಬಿಡದೆ ಉಂಡರು.